ಇನ್ನೂ ಪಳಗದ ಕಲ್ಲು

"ಎತ್ತಬೇಡಿ, ಉರುಳಿಸಿ," ಎಂದ ಅಪ್ಪ. "ಎತ್ತಿದರೆ ಸೊಂಟ ಹಿಡ್ಕೊಳ್ಳುತ್ತೆ. ಅಂಚಿನ ಮೇಲೆ ನಿಲ್ಲಿಸಿ ತಿರುಗಿಸ್ತಾ ಹೋಗಿ, ತಾನಾಗೇ ಬರುತ್ತೆ."

ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು. ಅಂಗಳದ ತುಂಬ ಒರಳುಕಲ್ಲುಗಳು. ಬಾಗಿಲಿನಿಂದ ಗೇಟಿನವರೆಗೆ ಒಬ್ಬರು ಅಡ್ಡಡ್ಡ ತಿರುಗಿ ನಡೆಯುವಷ್ಟು ದಾರಿ ಇತ್ತು. ಬದುಕಿದ್ದವರಿಗೆ ಅಷ್ಟು ಸಾಕಾಗಿತ್ತು. ನಾಲ್ವರ ಹೆಗಲೇರಿ ಹೊರಡುವವಳಿಗೆ ಅದು ಸಾಲದು. ಬೀದಿಯ ಗಂಡಸರು ಅಂಗಿಯ ತೋಳು ಮಡಚಿಕೊಂಡು ಕಲ್ಲುಗಳನ್ನು ಬದಿಗೆ ಸರಿಸುತ್ತಿದ್ದರು. ರಾತ್ರಿ ಮಳೆ ಬಂದಿತ್ತು. ಪ್ರತಿ ಕಲ್ಲಿನ ಗುಳಿಯಲ್ಲೂ ಒಂದು ಬೊಗಸೆ ನೀರು, ಆ ನೀರಿನಲ್ಲಿ ಒಂದು ಚೂರು ಆಕಾಶ. ಕಲ್ಲು ವಾಲಿದಾಗಲೆಲ್ಲ ಆಕಾಶ ಅಲುಗಾಡಿ ನೆಲಕ್ಕೆ ಚೆಲ್ಲುತ್ತಿತ್ತು.

ಮಗಳು ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ನಿದ್ದೆಗೆಟ್ಟ ಕಣ್ಣಿಗೆ ಎಲ್ಲವೂ ತುಸು ದೂರದಲ್ಲಿ ನಡೆಯುತ್ತಿರುವಂತಿತ್ತು. ಜನರ ಮಾತು ಒಂದು ಗಳಿಗೆ ತಡವಾಗಿ ಕಿವಿಗೆ ಬೀಳುತ್ತಿತ್ತು. ಆದರೂ ಅವಳ ಕಣ್ಣು ಅಷ್ಟೂ ಕಲ್ಲುಗಳ ನಡುವೆ ಒಂದೇ ಒಂದನ್ನು ಹುಡುಕಿತು. ಸಿಕ್ಕಿತು. ನಲ್ಲಿಯ ಪಕ್ಕ, ಹಳೆಯ ಗೋಣಿಚೀಲ ಹೊದ್ದು ಕೂತಿತ್ತು. ದಾರಿಗೆ ಅಡ್ಡವಿರದ ಕಾರಣ ಅದನ್ನು ಯಾರೂ ಮುಟ್ಟಲಿಲ್ಲ.

ನನ್ನ ಕಲ್ಲು, ಎಂದುಕೊಂಡಳು. ಕೂಡಲೇ ನಾಚಿಕೆಯಾಯಿತು. ಒಳಗೆ ಅಮ್ಮ ಮಲಗಿರುವಾಗ ಮನಸ್ಸು ಕಲ್ಲಿನ ಹಿಂದೆ ಹೋಗುತ್ತದಲ್ಲ! ಆದರೆ ಬರೀ ಕಲ್ಲಿನ ಮಾತಾಗಿದ್ದರೆ ಅವಳು ಎಂದೋ ಮರೆಯುತ್ತಿದ್ದಳು. ಊರಿಗೆಲ್ಲ ಕಲ್ಲು ಪಳಗಿಸಿ ಕೊಟ್ಟ ಅಮ್ಮ, ಹೆತ್ತ ಮಗಳಿಗೆ ಮಾತ್ರ ಒಂದನ್ನೂ ಕೊಡಲಿಲ್ಲ. ಯಾಕೆ? ಆ ಪ್ರಶ್ನೆ ಮನಸ್ಸಿನಲ್ಲಿ ಕೂತು ಎಷ್ಟೋ ಕಾಲವಾಗಿತ್ತು. ಉತ್ತರ ಹೇಳಬೇಕಾದವಳು ಇನ್ನು ಸ್ವಲ್ಪ ಹೊತ್ತಿಗೆ ಗೇಟು ದಾಟಿಬಿಡುತ್ತಾಳೆ.

"ಜಗ್ಗದ ಹೆಂಗಸು," ಎಂದ ಹೋಟೆಲಿನವನು, ಕಲ್ಲೊಂದನ್ನು ಗೋಡೆಗೆ ಒರಗಿಸಿ ಬೆವರು ಒರೆಸಿಕೊಳ್ಳುತ್ತ. ಬೀದಿಯ ಕೊನೆಯಲ್ಲಿ ಅವನ ಹೋಟೆಲು. ಅಲ್ಲಿನ ಒರಳುಗಳೆಲ್ಲ ಈ ಅಂಗಳದವೇ. "ನಾನು ಕಲ್ಲು ಬೇಗ ಕೊಡಿ ಅಂತ ಬಂದು ಕೂತರೆ, 'ಇನ್ನೂ ಪಳಗಿಲ್ಲ, ಎದ್ದು ಹೋಗು' ಅನ್ನೋಳು. ನನ್ನ ಹೋಟೆಲಲ್ಲಿ ಯಾರಿಗೂ ನಾನು ಹೆದರಲ್ಲ. ಇಲ್ಲಿಗೆ ಬಂದರೆ ಬೆಕ್ಕಿನ ಮರಿ."

"ನಿಮಗಾದರೂ ಕೊಟ್ಟಳಲ್ಲ," ಎಂದಳು ಮಗಳು.

ಹೋಟೆಲಿನವನು ಅವಳ ಮುಖ ನೋಡಿದ. ಮತ್ತೊಂದು ಕಲ್ಲಿಗೆ ಕೈ ಹಾಕಿದ.

*

ಕೆತ್ತುವುದು ಅಪ್ಪನ ಕೆಲಸ, ಪಳಗಿಸುವುದು ಅಮ್ಮನದು. ಉಳಿಯಿಂದ ಆಗತಾನೆ ಎದ್ದ ಒರಳು ನೋಡಲು ಚೆಂದ, ಹಲ್ಲಿಗೆ ಶತ್ರು. ಅದರಲ್ಲಿ ಏನು ಕುಟ್ಟಿದರೂ ಕಲ್ಲಿನ ಪುಡಿ ಬೆರೆಯುತ್ತದೆ. ಅದಕ್ಕೇ ಅಮ್ಮ ಒಂದೊಂದು ಕಲ್ಲಿನ ಮುಂದೆಯೂ ಕಾಲು ಚಾಚಿ ಕೂತು, ನುಚ್ಚಕ್ಕಿ, ಹರಳುಪ್ಪು ಹಾಕಿ ಗುಂಡಿನಿಂದ ಕುಟ್ಟುವಳು, ತಿರುವುವಳು, ತೊಳೆಯುವಳು, ಮತ್ತೆ ಕುಟ್ಟುವಳು. ಬೂದು ಬಣ್ಣದ ಪುಡಿ ಬರಬರುತ್ತ ಬೆಳ್ಳಗಾಗುತ್ತಿತ್ತು. ಆದರೂ ಅಮ್ಮ ಕಣ್ಣನ್ನು ನಂಬುತ್ತಿರಲಿಲ್ಲ. ಕೊನೆಗೊಂದು ಚಿಟಿಕೆ ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಹಲ್ಲು ಕಡಿದು ನೋಡುವಳು.

ಮಗಳು ಸಣ್ಣವಳಿದ್ದಾಗ ಅವಳ ಬಾಯಿಗೂ ಒಂದು ಚಿಟಿಕೆ ಬೀಳುತ್ತಿತ್ತು.

"ಹಲ್ಲಿಗೆ ಏನಾದ್ರೂ ಸಿಕ್ತಾ?"

"ಇಲ್ಲ."

"ಸರಿಯಾಗಿ ನೋಡು. ಯಾರ ಮನೆಗೋ ಹೋಗೋ ಕಲ್ಲು ಅದು. ಅನ್ನದ ತುತ್ತಿನಲ್ಲಿ ಕಟ್ ಅಂದರೆ ಅವರು ಬೈಯೋದು ನನ್ನನ್ನ."

"ನಿನ್ನ ಹೊಟ್ಟೆಯೊಳಗೆ ಕಲ್ಲು ಎಷ್ಟಿರಬಹುದಮ್ಮಾ?"

"ಕಲ್ಲು ತಿಂದು ಅರಗಿಸಿಕೊಳ್ಳೋ ವಯಸ್ಸು ಅಂತಾರಲ್ಲ, ನನಗೆ ಆ ವಯಸ್ಸು ಮುಗಿಯೋದೇ ಇಲ್ಲ ಕಣೆ," ಎಂದು ಅಮ್ಮ ನಗುವಳು. ನಕ್ಕಾಗ ಕಾಣುತ್ತಿದ್ದ ಹಲ್ಲುಗಳು ಸವೆದು ಸಮತಟ್ಟಾಗಿದ್ದವು. ರೆಪ್ಪೆಯ ಮೇಲೆ ಸದಾ ಬಿಳಿ ಧೂಳು. ಮಧ್ಯಾಹ್ನದ ಬಿಸಿಲು ಅಂಗಳಕ್ಕೆ ಓರೆಯಾಗಿ ಬಿದ್ದಾಗ ಆ ಧೂಳೆಲ್ಲ ಎದ್ದು ಅಮ್ಮನ ಸುತ್ತ ತೇಲುತ್ತಿತ್ತು, ಅಮ್ಮ ಅದರ ನಡುವೆ ಕರಗಿ ಮತ್ತೆ ಮೂಡುತ್ತಿದ್ದಳು. ನಿದ್ದೆ ಹತ್ತುವವರೆಗೂ ಮಗಳು ಅದನ್ನೇ ನೋಡುತ್ತ ಮಲಗಿರುತ್ತಿದ್ದಳು.

ಪಳಗಿದ ಕಲ್ಲು ಅಂಗಳದಲ್ಲಿ ನಿಲ್ಲುತ್ತಿರಲಿಲ್ಲ. ಯಾರೋ ಬಂದು ಒಯ್ಯುವರು. ದೀಪದ ಬುಡದಲ್ಲಿ ಕತ್ತಲು ಅನ್ನುವಂತೆ, ಅಮ್ಮನದೇ ಅಡುಗೆಮನೆಯಲ್ಲಿ ಇದ್ದದ್ದು ಅಂಚು ಒಡೆದ ಒಂದು ಹಳೆಯ ಒರಳು. ಈಚೆಗೆ ಅದೂ ಹೋಯಿತು. ಹೊಸದಾಗಿ ಸಂಸಾರ ಹೂಡಿದ ಹುಡುಗಿಯೊಬ್ಬಳು ಅದನ್ನು ಸವರಿ ನೋಡಿ, "ಇಷ್ಟು ನುಣುಪು ಬೇರೆ ಯಾವುದೂ ಇಲ್ಲ, ಇದೇ ಬೇಕು," ಎಂದಳಂತೆ. ಅಮ್ಮ ಎರಡನೆಯ ಮಾತಾಡದೆ ಕೊಟ್ಟುಬಿಟ್ಟಳಂತೆ.

*

ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಎಲ್ಲರೂ ಕಾಲು ತೊಳೆದು ಅಂಗಳದಲ್ಲಿ ಅಲ್ಲಲ್ಲಿ ಕೂತರು. ಕೂರಲು ಕುರ್ಚಿ ತರುವ ಗೋಜೇ ಇರಲಿಲ್ಲ. ಬೋರಲು ಹಾಕಿದ ಒರಳುಗಳ ಮೇಲೆಯೇ ಕೂತರು. ಸತ್ತವಳ ಅಂಗಳದಲ್ಲಿ ಎಷ್ಟೊಂದು ಪೀಠ ಇವೆಯಲ್ಲ ಎಂದು ಮಗಳಿಗೆ ಅನ್ನಿಸಿತು. ಅಂಗಳದ ನಡುವೆ ಮಾಡಿದ ದಾರಿ ಹಾಗೇ ಉಳಿದಿತ್ತು. ಅಲ್ಲಿ ಯಾರೂ ಕೂರಲಿಲ್ಲ.

ಒಳಗೆ ಚಿಕ್ಕಮ್ಮ ಗಂಜಿ ಬೇಯಿಸುತ್ತಿದ್ದಳು. ಅಮ್ಮನ ತಂಗಿ, ಮಾತು ಅವಳ ಕೈಯಷ್ಟೇ ಚುರುಕು, ಅಳುವಾಗಲೂ ನಿಲ್ಲುತ್ತಿರಲಿಲ್ಲ.

"ಬರೀ ಗಂಜಿ ಹೇಗಮ್ಮ ಇಳಿಯುತ್ತೆ ಇವರ ಗಂಟಲಲ್ಲಿ! ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಕುಟ್ಟಿ ಇಟ್ಟುಬಿಡ್ತೀನಿ. ಈ ಮನೇಲಿ ಒಂದು ಒರಳಿಲ್ಲ ನೋಡು! ಅಂಗಳ ತುಂಬ ಕಲ್ಲು, ಎಲ್ಲ ಹಸೀ ಕಲ್ಲು. ಅಕ್ಕ ಹೋಗೋವಾಗ ನನಗೆ ಫಜೀತಿ ಮಾಡಿಟ್ಟು ಹೋದಳು."

ಮಗಳು ಗೋಡೆಗೊರಗಿ ಕೂತಿದ್ದಳು. ಚಿಕ್ಕಮ್ಮ ಹೊರಗೆ ಹೋದದ್ದು, ನಲ್ಲಿ ಬಿಟ್ಟದ್ದು, ಕುಟ್ಟುವ ಸದ್ದು ಎದ್ದದ್ದು ಎಲ್ಲ ಕೇಳಿಸಿತು. ಆ ಸದ್ದಿಗೆ ಕಣ್ಣೆಳೆಯಿತು. ಅರೆನಿದ್ದೆಯಲ್ಲಿ, ಕುಟ್ಟುತ್ತಿರುವುದು ಅಮ್ಮನೇ ಅನ್ನಿಸಿತು.

*

ಗಂಡ ತೀರಿಕೊಂಡ ಮೇಲೆ ಮಗಳು ತವರಿಗೆ ಬರಲಿಲ್ಲ. ಪಕ್ಕದ ಪೇಟೆಯಲ್ಲಿ ಇಸ್ತ್ರಿ ಅಂಗಡಿ, ಅದರ ಹಿಂದೆ ಒಂದು ಕೋಣೆ. ಹಗಲೆಲ್ಲ ಯಾರದೋ ಅಂಗಿಗಳ ಸುಕ್ಕು ತೆಗೆದು, ಸಂಜೆ ಬಾಗಿಲು ಹಾಕಿಕೊಂಡರೆ ಮುಗಿಯಿತು. ಯಾರಾದರೂ 'ಪಾಪ' ಅಂದರೆ ಅವಳಿಗೆ ಮೈ ಉರಿಯುತ್ತಿತ್ತು. ಸಮಾಧಾನ ಹೇಳಲು ಬಂದವರಿಗೆಲ್ಲ ಬಾಗಿಲಲ್ಲೇ ವಂದನೆ ಹೇಳಿ ಕಳಿಸಿದಳು.

ಅಮ್ಮ ಸಮಾಧಾನ ಹೇಳಲಿಲ್ಲ. ಒಂದು ದಿನ ಅಂಗಡಿಯ ಫೋನಿಗೆ ಮಾಡಿ, "ನಿನ್ನ ಕಲ್ಲು ಎದ್ದಿದೆ. ಅಪ್ಪ ಕೆತ್ತಿ ಮುಗಿಸಿದರು. ಪಳಗಿಸಬೇಕು, ನನ್ನೊಬ್ಬಳ ಕೈಲಿ ಆಗಲ್ಲ. ಭಾನುವಾರ ಬಾ," ಎಂದಳು. ಇದರಲ್ಲಿ ಪಾಪ ಅನ್ನುವಂಥದ್ದೇನೂ ಇರಲಿಲ್ಲ. ಮಗಳು ಹೋದಳು.

ಆಮೇಲೆ ಪ್ರತಿ ಭಾನುವಾರ. ಕಲ್ಲಿನ ಆಚೆ ಅಮ್ಮ, ಈಚೆ ಮಗಳು, ಒಂದೇ ಗುಂಡು ಕೈಯಿಂದ ಕೈಗೆ. ಇಬ್ಬರೂ ಸುಮ್ಮನೆ ಕೂತು ಮಾತಾಡುವ ಜಾತಿಯವರಲ್ಲ. ಆದರೆ ಕೈ ಕುಟ್ಟುತ್ತಿದ್ದರೆ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಗಂಡನ ಗೊರಕೆಯ ಕತೆಯನ್ನು ಮಗಳು ಹೇಳಿ ನಕ್ಕದ್ದು ಆ ಕಲ್ಲಿನ ಮುಂದೆ. ಮೊದಲ ಸಲ ಬಾಯಿಬಿಟ್ಟು ಅತ್ತದ್ದೂ ಅಲ್ಲೇ. ಅತ್ತಾಗ ಅಮ್ಮ, "ಉಪ್ಪು ಸಾಕು, ಅಕ್ಕಿ ಹಾಕು," ಎಂದಿದ್ದಳು. ಅಳುತ್ತಲೇ ಮಗಳಿಗೆ ನಗು ಬಂತು.

ಸಂಜೆ ಅಮ್ಮ ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು ತಲೆಯಾಡಿಸುವಳು. "ಇನ್ನೂ ಪಳಗಿಲ್ಲ. ಮುಂದಿನ ವಾರ ನೋಡೋಣ."

ಮುಂದಿನ ವಾರಗಳು ಕೂಡಿ ಆರು ವರ್ಷವಾಯಿತು. ಕಲ್ಲಿನ ಗುಳಿ ಆಳವಾಗುತ್ತ ಹೋಯಿತು. ಗುಂಡು ಹಿಡಿದ ಕೈ ಮಣಿಕಟ್ಟಿನವರೆಗೆ ಒಳಗಿಳಿಯುತ್ತಿತ್ತು. ಇಷ್ಟು ಸವೆಸಿದ್ದೇನಲ್ಲ ಎಂದು ಮಗಳಿಗೆ ಒಳಗೊಳಗೇ ಹೆಮ್ಮೆ. ಆದರೂ ಪ್ರತಿ ಸಲ ಅಮ್ಮನ ಹಲ್ಲಿಗೆ ಅದೇ ಕರಕರ. ಈ ನಡುವೆ ಬೇರೆ ಎಷ್ಟೋ ಕಲ್ಲು ಪಳಗಿ ಗೇಟು ದಾಟಿದ್ದವು.

ಕೊನೆಗೊಂದು ಭಾನುವಾರ ಅವಳು ಗುಂಡನ್ನು ಕೆಳಗಿಟ್ಟಳು. "ಕಂಡೋರಿಗೆಲ್ಲ ಕಲ್ಲು ಕೊಟ್ಟೆ. ನನಗೊಂದು ಕೊಡೋಕೆ ನಿನಗೆ ಮನಸ್ಸೇ ಇಲ್ಲ. ನನ್ನ ಕೈಯಿಂದ ಯಾವುದೂ ಸರಿ ಹೋಗಲ್ಲ ಅಂತ ತೋರಿಸಬೇಕಿತ್ತು, ತೋರಿಸಿದೆ. ನಿನ್ನ ಕಲ್ಲು ನೀನೇ ಇಟ್ಕೋ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಬಾಯಲ್ಲಿ ಪುಡಿ ಇತ್ತು, ಕೆಮ್ಮು ಬಂತು. ಕೆಮ್ಮು ನಿಲ್ಲುವುದರೊಳಗೆ ಮಗಳು ಗೇಟಿನಾಚೆ ಇದ್ದಳು. ಮತ್ತೆ ಬಂದದ್ದು ಇವತ್ತೇ.

*

"ಏಳಮ್ಮಾ, ಎರಡು ತುತ್ತು ಉಣ್ಣು."

ಚಿಕ್ಕಮ್ಮ ತಟ್ಟೆ ಕೈಗಿತ್ತಳು. ಬಿಸಿ ಗಂಜಿ, ಅಂಚಿನಲ್ಲಿ ಹಸಿರು ಖಾರದ ಸಣ್ಣ ಮುದ್ದೆ. ಮಗಳು ಅಪ್ಪನ ಪಕ್ಕ ಹೋಗಿ ಕೂತಳು. ಅಂಗಳದಲ್ಲಿ ಎಲ್ಲರೂ ಉಣ್ಣತೊಡಗಿದ್ದರು. ಅವಳೂ ಒಂದು ತುತ್ತು ಬಾಯಿಗಿಟ್ಟಳು.

ಕಟ್.

ಸದ್ದು ಯಾರ ಬಾಯಿಂದ ಬಂತೋ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಕಡೆಯಿಂದ ಕರ್ ಎಂದಿತು. ಒಬ್ಬರನ್ನೊಬ್ಬರು ನೋಡಿಕೊಂಡರು, ಸಾವಿನ ಮನೆಯಲ್ಲಿ ಊಟಕ್ಕೆ ಹೆಸರಿಡಬಾರದೆಂದು ಗುಟುಕು ನೀರು ಕುಡಿದು ನುಂಗಿದರು. ತಡೆಯದೇ ಹೋದವನು ಹೋಟೆಲಿನವನು.

"ಈ ಮನೆ ಊಟದಲ್ಲಿ ಕಲ್ಲು ಸಿಕ್ಕಿದ್ದು ಇದೇ ಮೊದಲು," ಎಂದ ಮೆಲ್ಲಗೆ. "ಇಷ್ಟು ದಿನ ನಮ್ಮೆಲ್ಲರ ಪಾಲಿನದನ್ನ ಆಕೆ ಒಬ್ಬಳೇ ತಿಂದಳು."

ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ನನ್ನ ತಪ್ಪಲ್ಲಪ್ಪಾ! ನಲ್ಲಿ ಪಕ್ಕ ಗೋಣಿ ಹೊದ್ದಿತ್ತಲ್ಲ, ಆ ಕಲ್ಲಲ್ಲಿ ಕುಟ್ಟಿದೆ. ತೊಳೆದೇ ಕುಟ್ಟಿದೆ. ತಾಯಿ ಮಗಳು ಆರು ವರ್ಷದಿಂದ ಕುಟ್ಟಿದ ಕಲ್ಲು ಅದು. ಅದು ಪಳಗದೆ ಇನ್ಯಾವುದು ಪಳಗಿರುತ್ತೆ ಹೇಳಿ!"

ಮಗಳ ಎರಡನೆಯ ತುತ್ತು ಕೈಯಲ್ಲೇ ನಿಂತಿತು. ಚಿಕ್ಕಮ್ಮನ ಮಾತು ನ್ಯಾಯವಾಗಿತ್ತು. ಹೋಟೆಲಿನ ದೊಡ್ಡ ಒರಳನ್ನೇ ಅಮ್ಮ ಹದಿನೈದು ದಿನದೊಳಗೆ ಹದಕ್ಕೆ ತಂದಿದ್ದಳು. ಆರು ವರ್ಷ ಕುಟ್ಟಿದರೆ ಬೆಟ್ಟವೂ ನುಣ್ಣಗಾಗಬೇಕು. ಅವಳು ಅಪ್ಪನ ಕಡೆ ತಿರುಗಿದಳು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿದ್ದರು. ಅಪ್ಪ ಮಾತ್ರ ತಲೆ ಎತ್ತದೆ, ಕರಕರ ಸದ್ದು ಮಾಡುತ್ತ ಉಣ್ಣುತ್ತಲೇ ಇದ್ದ.

ಮಗಳು ತಟ್ಟೆ ಇಟ್ಟು ಎದ್ದಳು. ನಲ್ಲಿಯ ಬಳಿ ಕೂತು, ಕಲ್ಲಿಗೆ ನೀರು ಹೊಯ್ದು, ಅಂಟಿದ್ದ ಬೆಳ್ಳುಳ್ಳಿ ಸಿಪ್ಪೆ ತೆಗೆದುಹಾಕಿ, ಒಳಗೆ ಕೈ ಬಿಟ್ಟಳು. ಭಾನುವಾರಗಳಲ್ಲಿ ಅಲ್ಲಿ ಯಾವಾಗಲೂ ಉಪ್ಪು, ಅಕ್ಕಿ ಇರುತ್ತಿದ್ದವು, ತೊಳೆಯುವುದು ಅಮ್ಮನ ಕೆಲಸವಾಗಿತ್ತು. ಬರಿಗೈಯಲ್ಲಿ ತಳ ಮುಟ್ಟಿದ್ದು ಇದೇ ಮೊದಲು. ಬೆರಳ ತುದಿಗೆ ಸಾಲುಸಾಲಾಗಿ ಸಣ್ಣ ಗುಳಿಗಳು ಸಿಕ್ಕವು. ಚೂಪಾಗಿದ್ದವು. ಉಳಿ ಹೊಡೆದ ಗುರುತು, ಹೊಚ್ಚ ಹೊಸದು.

ಅಪ್ಪ ಬಂದು ಪಕ್ಕದಲ್ಲಿ ನಿಂತಿದ್ದ.

"ಯಾವಾಗ ಹೊಡೆದೆ?" ಎಂದಳು.

"ಸೋಮವಾರ ಸೋಮವಾರ. ನೀನು ಹೋದ ಮಾರನೇ ದಿನ."

"ಆರು ವರ್ಷಾನೂ?"

"ಅವಳೇ ಹೊಡೆಸ್ತಿದ್ದಳು. ಒಂದೇ ತಿಂಗಳಿಗೆ ಪಳಗಿಹೋಗಿತ್ತು ಇದು, ಒಳ್ಳೆ ಜಾತಿ ಕಲ್ಲು. ನಿಮ್ಮಮ್ಮ ಗಾಬರಿಯಾದಳು. 'ಕಲ್ಲು ಸಿಕ್ಕಿಬಿಟ್ಟರೆ ಇನ್ನು ಬರಲ್ಲ ಅವಳು. ಸುಮ್ಮನೆ ಬಾ ಅಂದರೆ ಬರೋ ಪೈಕಿ ಅಲ್ಲ. ಒರಟು ಮಾಡಿಕೊಡು,' ಅಂದಳು." ಅಪ್ಪ ಬಾಗಿ ಒರಳಿನ ಅಂಚು ಸವರಿದ. "ಕಲ್ಲು ಹಾಳಾಗುತ್ತೆ, ಬುಡ ತೂತಾಗುತ್ತೆ ಅಂತ ಬೈದೆ. ತೂತಾದರೆ ಇನ್ನೊಂದು ಕೆತ್ತು ಅಂದಳು."

"ನಾನು ಬೈದು ಹೋದ ಮೇಲೆ?"

"ಆಮೇಲೂ ಹೊಡೆಸಿದಳು. ಕುಟ್ಟಿಯೇ ಇಲ್ಲವಲ್ಲ, ಯಾಕೆ ಹೊಡೀಲಿ ಅಂದೆ. 'ಕೋಪ ಇಳಿದ ಮೇಲೆ ಬರ್ತಾಳೆ. ಬಂದಾಗ ಕೆಲಸ ಜಾಸ್ತಿ ಇರಲಿ,' ಅಂದಳು."

ಮಗಳು ಒರಳಿನ ಮೇಲೆ ಬಾಗಿದಳು. ಗುಳಿಯಲ್ಲಿ ನಿಂತ ನೀರಿನಲ್ಲಿ ಒಂದು ಮುಖ ಕಂಡಿತು. ತನ್ನದೋ ಅಮ್ಮನದೋ ಗುರುತು ಹತ್ತದಷ್ಟು ಕಣ್ಣು ಮಂಜಾಗಿತ್ತು. ಹಲ್ಲು ಸವೆಸಿಕೊಂಡು ಊರಿನ ಬಾಯಿಗೆಲ್ಲ ಕಲ್ಲು ತಪ್ಪಿಸಿದವಳು, ಮಗಳ ಕಲ್ಲಿನಲ್ಲಿ ಮಾತ್ರ ಕೈಯಾರೆ ಕಲ್ಲು ಉಳಿಸಿದ್ದಳು. ಪ್ರತಿ ಭಾನುವಾರ ಅದನ್ನು ತಾನೇ ಬಾಯಿಗೆ ಹಾಕಿಕೊಂಡು, ಏನೂ ಅರಿಯದವಳಂತೆ ತಲೆಯಾಡಿಸಿದ್ದಳು. ಕಳ್ಳಿ! ಮಗಳು ಒರಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಜೋರಾಗಿ ಅತ್ತಳು. ಬೆಳಗಿನಿಂದ ಬಾರದ ಅಳು ಈಗ ಬಂತು, ಅಂಗಳದವರೆಲ್ಲ ಕೇಳುವಂತೆ ಬಂತು.

*

ಹೊತ್ತು ಮುಳುಗುವ ಮುಂಚೆ ಜನ ಒಬ್ಬೊಬ್ಬರಾಗಿ ಹೊರಟರು. ಹೋಟೆಲಿನವನು ತನ್ನ ಸಾಮಾನಿನ ಗಾಡಿ ತೋರಿಸಿ, "ಕಲ್ಲು ಹಾಕಿಕೊಂಡು ಹೋಗ್ತೀನಮ್ಮಾ, ಬೆಳಗ್ಗೆ ಪೇಟೆಗೆ ಹೇಗೂ ಹೋಗ್ತೀನಿ, ನಿನ್ನ ಕೋಣೆಗೆ ಇಳಿಸ್ತೀನಿ," ಎಂದ.

"ತಗೊಂಡು ಹೋಗು," ಎಂದ ಅಪ್ಪ, ನೆಲ ನೋಡುತ್ತ. "ಈಗ ಒರಟು ಮಾಡೋರು ಯಾರೂ ಇಲ್ಲ. ನಾಲ್ಕು ಸಲ ಅಕ್ಕಿ ಉಪ್ಪು ಹಾಕಿ ಕುಟ್ಟಿದರೆ ಹದಕ್ಕೆ ಬರುತ್ತೆ."

ಮಗಳು ಅಪ್ಪನನ್ನು ನೋಡಿದಳು. ಅವನ ರೆಪ್ಪೆಯ ಮೇಲೂ ಬಿಳಿ ಧೂಳಿತ್ತು. ಅವನ ಹಿಂದೆ, ಬಾಗಿಲಿನಿಂದ ಗೇಟಿನವರೆಗೆ, ಅಗಲವಾದ ಖಾಲಿ ದಾರಿ.

"ಇನ್ನೂ ಪಳಗಿಲ್ಲ ಅಪ್ಪ. ಭಾನುವಾರ ಬರ್ತೀನಿ," ಎಂದಳು.

ಹೋಟೆಲಿನವನು ಖಾಲಿ ಗಾಡಿ ತಳ್ಳಿಕೊಂಡು ಹೋದ.

ಒಳಗೆ ಅಮ್ಮನ ಚಾಪೆ ಗೋಡೆಗೆ ಒರಗಿತ್ತು. ಮಗಳು ಅದನ್ನು ಬಿಡಿಸಿ ಮಲಗಿದಳು. ಕಿಟಕಿಯಿಂದ ಬಂದ ಕೊನೆಯ ಬೆಳಕಿನಲ್ಲಿ ಧೂಳು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಕಣ್ಣು ಮುಚ್ಚುವ ಹೊತ್ತಿಗೆ ಅಂಗಳದ ನಲ್ಲಿಯ ಕಡೆಯಿಂದ ಸದ್ದು ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು, ಟಕ್.

"ಇವತ್ತಾದರೂ ಉಳಿ ಮುಟ್ಟದೆ ಇರಬಾರದಾ ಭಾವ?" ಎಂದು ಚಿಕ್ಕಮ್ಮ ಬಾಗಿಲಿಂದ ಗದರಿದಳು. "ನೋಡಿದವರು ಏನಂದುಕೊಂಡಾರು?"

"ಹೊಡೀಲಿ ಬಿಡು ಚಿಕ್ಕಮ್ಮ," ಎಂದಳು ಮಗಳು, ಕಣ್ಣು ತೆರೆಯದೆ.

ಟಕ್, ಟಕ್, ಟಕ್. ಅವಳ ದವಡೆಯ ಸಂದಿನಲ್ಲಿ ಮಧ್ಯಾಹ್ನದ ಒಂದು ಹರಳು ಇನ್ನೂ ಕೂತಿತ್ತು. ನಾಲಿಗೆಯಿಂದ ಅದನ್ನು ಹುಡುಕಿ, ಹಲ್ಲಿನ ನಡುವೆ ಇಟ್ಟುಕೊಂಡಳು. ಉಗುಳಲಿಲ್ಲ.