ನಿಮ್ಮಮ್ಮನಿಗೆ ಹೇಳು

ಬೀದಿಯಲ್ಲಿ ಸಲಾಮು ಹೇಳುವುದರಲ್ಲಿ ಕನ್ನಡಕದಂಗಡಿಯವರನ್ನು ಮೀರಿಸಿದವರಿಲ್ಲ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಸಲಾಮು. ಗಾಜು ಬದಲಿಸಿ ಬದಲಿಸಿ, ಈಗ ಕಾಣುತ್ತಾ, ಇದು ಹೇಗಿದೆ ಎಂದು ಕಿವಿ ಮಂದವಾದ ಮುದುಕಿಯರನ್ನೂ ಬೇಸರವಿಲ್ಲದೆ ಕೇಳುತ್ತಿದ್ದರು. ಅಂಗಡಿಯ ಹಿಂದಿನ ಪರದೆ ಸರಿಸಿದರೆ ಮನೆ. ಆ ಮನೆಯಲ್ಲಿ ಅವರು ಹೆಂಡತಿಯೊಂದಿಗೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಅವಳ ತಪ್ಪು ಇಷ್ಟೇ: ನೆಂಟರೆದುರು ಗಂಡನ ಮಾತೊಂದನ್ನು ತಿದ್ದಿದ್ದಳು. ಕ್ಷಮೆ ಕೇಳಿದಳು, ಅತ್ತಳು, ಗೋಡೆಗೆ ಹೇಳಿದಂತಾಯಿತು. ಹೇಳುವುದೇನಿದ್ದರೂ ಮಗಳ ಮೂಲಕ. "ನಿಮ್ಮಮ್ಮನಿಗೆ ಹೇಳು, ಚಹಾ ಆರಿದೆ." ಅಮ್ಮ ಎದುರಿಗೇ ನಿಂತಿರುತ್ತಿದ್ದಳು. ಅವರ ಅಪ್ಪನೂ ಹೀಗೇ, ಅಜ್ಜನೂ ಹೀಗೇ. ಮಗಳ ಸೋದರತ್ತೆಗೆ ಅದೊಂದು ಹೆಮ್ಮೆ.

"ನಮ್ಮ ಮನೆ ಗಂಡಸರು ಹೆಂಡತಿ ಮೇಲೆ ಕೈ ಮಾಡೋರಲ್ಲ. ಮಾತು ಬಿಡ್ತಾರೆ, ಅಷ್ಟೆ."

ಮಸೀದಿಯಲ್ಲಿ ಮಕ್ಕಳಿಗೆ ಓದಿಸುತ್ತಿದ್ದ ಅಮ್ಮನ ತಮ್ಮ ಒಮ್ಮೆ ಭಾವನನ್ನು ಕೂರಿಸಿ ತಿಳಿಹೇಳಿದ. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಸಲ್ಲದೆಂದು ಪ್ರವಾದಿಯವರು ಹೇಳಿದ್ದಾರೆ, ಮೊದಲು ಸಲಾಮು ಹೇಳುವವನೇ ಇಬ್ಬರಲ್ಲಿ ಮೇಲು ಎಂದ.

"ಅದು ಸಹೋದರರಿಗೆ ಹೇಳಿದ್ದು. ಹೆಂಡತಿಗಲ್ಲ."

"ಬೀದಿಯವರಿಗಿರೋ ಹಕ್ಕು ಅಕ್ಕನಿಗಿಲ್ವಾ ಭಾವ? ಹೆಂಡತಿ ಜೊತೆ ಒಳ್ಳೆಯವನಾಗಿರೋನೇ ನಿಮ್ಮಲ್ಲಿ ಒಳ್ಳೆಯವನು ಅಂತಾನೂ ಹೇಳಿದಾರಲ್ಲ."

ಅವರು ನಮಾಜಿಗೆ ಹೊತ್ತಾಯಿತೆಂದು ಎದ್ದರು. ಹಣೆ ನೆಲ ಮುಟ್ಟಿದರಾಯಿತು, ನಾಲಿಗೆಯ ಲೆಕ್ಕ ಯಾರು ಕೇಳುತ್ತಾರೆ!

ಒಂದು ಮಧ್ಯಾಹ್ನ ಮಗಳು ಪಾಠ ಹೇಳಲು ಶಾಲೆಗೆ ಹೋಗಿದ್ದಳು. ಅಮ್ಮ ಪರದೆ ಹಿಡಿದು ನಿಂತು, ಎದೆ ನೋಯುತ್ತಿದೆ ಎಂದಳು. ಅವರು ನೋಡಿದರು. ಅವಳು ಬೆವರಿದ್ದನ್ನೂ ನೋಡಿದರು. ಡಾಕ್ಟರು ಇದ್ದದ್ದು ಪಕ್ಕದ ಬೀದಿಯಲ್ಲೇ. ಆದರೆ ಏನಾಗುತ್ತಿದೆ ಎಂದು ಕೇಳಬೇಕಲ್ಲ, ಬಾ ಹೋಗೋಣ ಎನ್ನಬೇಕಲ್ಲ. ಮಗಳು ಬರಲಿ ಎಂದು ಕಾದರು. ಸಂಜೆ ಅವಳು ಒಳಗೆ ಕಾಲಿಟ್ಟೊಡನೆ, "ನಿಮ್ಮಮ್ಮನಿಗೆ ಏನಾಗಿದೆ ಕೇಳು" ಎಂದರು. ಕೇಳಲು ಹೋದವಳು ಮುಟ್ಟಿದಾಗ ಅಮ್ಮನ ಮೈ ತಣ್ಣಗಾಗಿತ್ತು.

ಶವವಿದ್ದ ಜನಾಜಾ ಎತ್ತುವ ಮುಂಚೆ ಕ್ಷಮೆ ಕೇಳಿಕೊಳ್ಳಿ ಎಂದು ಹಿರಿಯರು ಅವರನ್ನು ಮುಂದೆ ಕರೆತಂದರು. ಅವರು ಬಾಯಿ ತೆರೆದರು. ಮಗಳ ಕಡೆ ತಿರುಗಿದರು.

"ನಿಮ್ಮಮ್ಮನಿಗೆ ಹೇಳು, ಮಾಫ್ ಮಾಡು ಅಂತ."

"ಇಲ್ಲ ಅಬ್ಬಾ. ಇದೊಂದನ್ನ ನೀವೇ ಹೇಳಿ."

ಸೋದರತ್ತೆ ಗದರಿದಳು. ಮಗಳು ಜಗ್ಗಲಿಲ್ಲ. ಹೆಗಲು ಕೊಡಲು ಬಂದವರೆಲ್ಲ ಕಾದು ನಿಂತರು. ಕೊನೆಗೆ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದು, ಕ್ಷಮೆ ಕೇಳಿದರು.

ಆ ದನಿಗಾಗಿ ಒಂಬತ್ತು ವರ್ಷ ಕಾದವಳಿಗೆ ಅದು ಕೇಳಿಸಲಿಲ್ಲ.