ಷಡ್ಡಕರ ಬೈಕು

ಟಾರ್ಪಾಲು ಸರಿಸಿದ ಭಾವ ಅದರ ಅಂಚು ಹಿಡಿದುಕೊಂಡೇ ನಿಂತುಬಿಟ್ಟ. ಬೈಕಿಗೆ ಕೊಂಬು ಬಂದಿತ್ತು. ಹೋದ ತಿಂಗಳು ಷಡ್ಡಕನ ಕೈಗೆ ಕೊಡುವಾಗ ಸಂಭಾವಿತನ ಹಾಗೆ ತಗ್ಗಿ ನೆಟ್ಟಗಿದ್ದ ಹ್ಯಾಂಡಲ್ ಈಗ ಎದೆಯೆತ್ತರಕ್ಕೆ ಎದ್ದು, ಹಿಂದಕ್ಕೆ ಬಾಗಿ, ಫಳಫಳ ಹೊಳೆಯುತ್ತಿತ್ತು. ಹಿಂಬದಿಯ ಎರಡು ಪೆಟ್ಟಿಗೆಗಳೂ ಮಾಯವಾಗಿದ್ದವು. ಹಳೆಯ ಹ್ಯಾಂಡಲನ್ನು ಷಡ್ಡಕ ಪೇಪರಿನಲ್ಲಿ ಸುತ್ತಿ ಮೂಲೆಗೆ ಒರಗಿಸಿದ್ದ. ಅದನ್ನು ಕಂಡ ಮೇಲಂತೂ ಭಾವನಿಗೆ ಪಿತ್ತ ನೆತ್ತಿಗೇರಿತು.

ಬೈಕು ಇಬ್ಬರದು. ಅಕ್ಕ ತಂಗಿಯರನ್ನು ಕಟ್ಟಿಕೊಂಡ ಇಬ್ಬರು ಸೇರಿ ಕೊಂಡದ್ದು. ಒಂದು ತಿಂಗಳು ಇವನಿಗೆ, ಒಂದು ತಿಂಗಳು ಅವನಿಗೆ. ತಿಂಗಳ ಕೊನೆಗೆ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಭಾವನ ಶೆಡ್ಡಿನಲ್ಲಿ ನಿಲ್ಲಿಸಿ ಕೀಲಿಯನ್ನು ಮೊಳೆಗೆ ನೇತುಹಾಕಬೇಕು. ಷಡ್ಡಕರ ನಡುವೆ ಒಂದು ಚಮಚವೂ ಪಾಲಿನಲ್ಲಿ ಇರಬಾರದೆಂದು ಅತ್ತೆ ಆಗಲೇ ಹೇಳಿದ್ದರು. ಇಬ್ಬರು ಅಳಿಯಂದಿರೂ ಒಂದೇ ಮನಸ್ಸಿನಿಂದ ಮಾಡಿದ ಕೆಲಸವೆಂದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೇ ಇದ್ದದ್ದು.

ಭಾವ ಕಟ್ಟಿಸುವ ಹಲ್ಲುಗಳನ್ನು ಮಾಡುವವನು. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಬೀದಿಯೆಲ್ಲ ಅವನನ್ನು ಭಾವ ಎಂದೇ ಕರೆಯುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಗಾರೆಯಲ್ಲಿ ಅಚ್ಚು ತೆಗೆದ ಬಾಯಿಗಳನ್ನು ಸಾಲಾಗಿಟ್ಟುಕೊಂಡು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಹಲ್ಲು ಉಜ್ಜಿ ಕೂರಿಸುವುದು ಅವನ ಕೆಲಸ. ಷಡ್ಡಕ ಸೋಫಾ ಮಾರುವವನು. ಕೂತ ಗಿರಾಕಿ ಏಳಬಾರದು ಎನ್ನುವುದು ಅವನ ಧರ್ಮ. ಹೀಗಿರುವಾಗ ದೂರ ಹೋಗುವುದಕ್ಕೆಂದೇ ಮಾಡಿದ ಈ ಟೂರಿಂಗ್ ಬೈಕಿನ ಮೇಲೆ ಅವನಿಗೆ ಬೆನ್ನು ನೋಯುತ್ತಿತ್ತು, ಮಣಿಕಟ್ಟು ನೋಯುತ್ತಿತ್ತು. ಇದನ್ನು ಕೊಟ್ಟು ಕ್ರೂಸರ್ ತರೋಣ ಎಂದು ಒಂದು ವರ್ಷದಿಂದ ಒಂದೇ ರಾಗ. ತಗ್ಗಿನ ಸೀಟು, ಕಾಲು ಮುಂದಕ್ಕೆ ಚಾಚಬಹುದು, ಕೈ ಮೇಲೆ, ಬೆನ್ನು ಹಿಂದೆ, ನಿಧಾನಕ್ಕೆ ಗುಡುಗುಡು ಎಂದು ಹೋಗುತ್ತಿದ್ದರೆ ರಾಜನ ಸವಾರಿ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಭಾವ ಬಾಯಿ ಮುಚ್ಚಿಸುತ್ತಿದ್ದ. ಕ್ರೂಸರಿನಲ್ಲಿ ಮೈಭಾರವೆಲ್ಲ ನಡುವಿನ ಮೇಲೆ ಬೀಳುತ್ತದೆ, ತಿರುವಿನಲ್ಲಿ ಬಾಗಿಸಿದರೆ ಕಾಲಿಡುವ ಕಡ್ಡಿ ನೆಲ ಕೆರೆಯುತ್ತದೆ, ಹಿಂದೆ ಕೂತವರ ಗತಿ ದೇವರೇ ಬಲ್ಲ. ಹೇಳಿದ್ದೆಲ್ಲ ನಿಜವೇ. ಒಂದು ದಿನ ಅಂಗಡಿಯಲ್ಲಿ ಯಾರೂ ನೋಡದಾಗ ಕ್ರೂಸರಿನ ಮೇಲೆ ಕೂತು, ಏಳುವುದಕ್ಕೆ ಮನಸ್ಸು ಬಾರದೆ ಇದ್ದದ್ದೂ ನಿಜವೇ. ಅದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ, ಆ ಸಿಟ್ಟೂ ಷಡ್ಡಕನ ತಲೆಗೇ ಸುತ್ತಿಕೊಂಡಿತ್ತು.

ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದ. ಹಳೆಯ ಹ್ಯಾಂಡಲಿನ ಅಳತೆಯ ಗಿಡ್ಡ ಕೇಬಲ್ಲುಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದು ನಿಂತವು. ಎಂಜಿನ್ ಚಾಲೂ ಮಾಡಿ ಮತ್ತೆ ತಿರುಗಿಸಿದರೆ, ಆಕ್ಸಿಲರೇಟರಿಗೆ ಕೈಯಿಡದೆಯೇ ಅದರ ಸದ್ದು ಏರತೊಡಗಿತು. ಸಂದಿಯಲ್ಲಿ ತಿರುಗಿಸುವಾಗ ಬೈಕು ತಾನಾಗಿ ಮುನ್ನುಗ್ಗಿದರೆ ಯಾರು ಹೊಣೆ? ಅವನು ಫೋನು ತೆಗೆದ.

"ನೋಡಿದ್ರಾ ಭಾವ?" ಷಡ್ಡಕನ ದನಿಯಲ್ಲಿ ನಗು ತುಳುಕುತ್ತಿತ್ತು. "ಹೊಸದಕ್ಕೆ ನೀವು ಒಪ್ಪಲ್ಲ, ಅದಕ್ಕೇ ಇದನ್ನೇ ಸ್ವಲ್ಪ ಕ್ರೂಸರ್ ಮಾಡಿಸ್ದೆ. ಒಂದು ಸಲ ಓಡ್ಸಿ ನೋಡಿ, ಆಮೇಲೆ ಬೈರಿ."

"ನನ್ನ ಕೇಳ್ದೆ ಕೈ ಹಾಕೋಕೆ ನೀನ್ಯಾರೋ? ನಿನ್ನ ಸೋಫಾಗೆ ನಾನು ಚಕ್ರ ಹಾಕಿಸ್ತೀನಾ?"

"ಹಾಕ್ಸಿ ಭಾವ, ಚೆನ್ನಾಗಿ ಮಾರಾಟ ಆಗುತ್ತೆ."

ಆ ನಗು. ಬೈದರೂ ಹೊಡೆದರೂ ಎಣ್ಣೆ ಸವರಿದ ಹಾಗೆ ಜಾರಿಕೊಳ್ಳುವ ಆ ನಗುವೇ ಭಾವನಿಗೆ ಆಗುತ್ತಿರಲಿಲ್ಲ. ಫೋನು ಕತ್ತರಿಸಿ ಪಾನಾಗಳ ಪೆಟ್ಟಿಗೆ ಎಳೆದುಕೊಂಡು ಕೂತ. ಕೊಂಬಿನ ಹ್ಯಾಂಡಲನ್ನು ಬಿಚ್ಚಿ ಅಂಗಳಕ್ಕೆ ಎಸೆದ. ಅದು ಕಲ್ಲಿಗೆ ಬಡಿದ ಸದ್ದು ಕೇಳಿ ಹೆಂಡತಿ ಕಾಫಿ ಲೋಟ ಹಿಡಿದು ಬಂದಳು. ಗಂಡನ ಮುಖ ನೋಡಿದಳು, ಹ್ಯಾಂಡಲ್ ನೋಡಿದಳು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣ್ರೀ" ಎಂದಳು.

"ಕೊಯ್ಯೋದು ನನ್ನ ಮೂಗಲ್ಲ."

ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಹಳೆಯ ಹ್ಯಾಂಡಲ್ ಮತ್ತೆ ತನ್ನ ಜಾಗಕ್ಕೆ ಬಂತು. ಅದನ್ನು ಅಮುಕಿ ಹಿಡಿಯುವ ಹಿಡಿಕೆಗೆ ನಾಲ್ಕು ಬೋಲ್ಟುಗಳು. ಭಾವನ ಕ್ರಮವೇ ಬೇರೆ: ಮೊದಲು ನಾಲ್ಕನ್ನೂ ಸುಮ್ಮನೆ ಕೂರಿಸುವುದು, ಸೀಟಿನ ಮೇಲೆ ಕೂತು ಹ್ಯಾಂಡಲಿನ ಓರೆ ನೋಡುವುದು, ಆಮೇಲೆ ಅಡ್ಡಡ್ಡ ಜೋಡಿಯಾಗಿ ಬಿಗಿಯುವುದು, ಕೊನೆಗೆ ಹೆಂಡತಿಯ ಉಗುರಿನ ಬಣ್ಣದಲ್ಲಿ ಬೋಲ್ಟಿನ ತಲೆಯಿಂದ ಪಕ್ಕದ ಹಿಡಿಕೆಯವರೆಗೆ ಒಂದು ಕೆಂಪು ಗೆರೆ ಎಳೆಯುವುದು. ಬೋಲ್ಟು ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ. ಕೆಂಪು ಇಲ್ಲದೆ ಬೈಕು ಹೊರಗೆ ತೆಗೆಯಕೂಡದೆಂದು ಷಡ್ಡಕನಿಗೂ ಕಟ್ಟಪ್ಪಣೆಯಾಗಿತ್ತು. ಷಡ್ಡಕ ಅದಕ್ಕೂ ನಕ್ಕಿದ್ದ, ಆದರೆ ಪಾಲಿಸುತ್ತಿದ್ದ.

ನಾಲ್ಕನ್ನೂ ಅಲೆನ್ ಕೀ ಎಂಬ ಬಾಗಿದ ಪುಟ್ಟ ಪಾನಾದಿಂದ ಹಗುರಾಗಿ ಕೂರಿಸಿ, ಸೀಟು ಹತ್ತಿ ಕೂತಾಗ ಟ್ಯಾಂಕಿನ ಮೇಲೆ ಒಂದು ಗೀರು ಕಂಡಿತು. ಗೇಣುದ್ದ, ಬಣ್ಣ ಕಿತ್ತು ತಗಡು ಕಾಣುವಷ್ಟು ಆಳ. ಎಂಟು ವರ್ಷ ಮೆತ್ತನೆಯ ಬಟ್ಟೆಯಲ್ಲಿ ಬಿಟ್ಟರೆ ಬೇರೆಯದರಲ್ಲಿ ಒರೆಸದ ಟ್ಯಾಂಕು. ಭಾವ ಬೈಕಿನಿಂದ ಇಳಿದ. ಬೋಲ್ಟು, ಕಾಫಿ, ಲೋಕ ಯಾವುದೂ ನೆನಪಿಗೆ ಬರಲಿಲ್ಲ. ಇವತ್ತು ಫೋನಿನಲ್ಲಲ್ಲ, ಮುಖಕ್ಕೆ ಮುಖ ಕೊಟ್ಟೇ ಬಯ್ಯಬೇಕು. ಅಲೆನ್ ಕೀ ಹಿಡಿದ ಕೈಯಲ್ಲೇ ಹಿತ್ತಿಲ ಬಾಗಿಲು ತೆರೆದು, ಓಣಿಗೆ ಇಳಿದು ನಡೆದ. ದಾರಿಯುದ್ದಕ್ಕೂ ಬೈಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡ.

ಷಡ್ಡಕನ ಮನೆಗೆ ಬೀಗ. ಈಗಷ್ಟೇ ಇಬ್ಬರೂ ಹೊರಟರಲ್ಲ, ನಿಮ್ಮ ಮನೆ ಕಡೆಗೇ ಹೋದ ಹಾಗಿತ್ತು ಎಂದು ಎದುರುಮನೆಯವರು ಹೇಳಿದರು. ಜೋಡಿಸಿಕೊಂಡ ಬೈಗುಳವೆಲ್ಲ ಹಾಗೇ ಉಳಿದದ್ದಕ್ಕೆ ಭಾವ ಇನ್ನಷ್ಟು ಕೆರಳಿ, ಹಲ್ಲು ಕಚ್ಚಿಕೊಂಡು ಹಿಂದಿರುಗಿದ. ಹಲ್ಲು ಕಡಿದರೆ ಏನಾಗುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ಅವನೇ.

ಶೆಡ್ಡು ಖಾಲಿಯಾಗಿತ್ತು.

"ಎಲ್ಲಿ ಬೈಕು?"

ಹೆಂಡತಿ ಸಮಾಧಾನದಿಂದಲೇ ಹೇಳಿದಳು. ಷಡ್ಡಕ, ನಾದಿನಿ ಇಬ್ಬರೂ ತಪ್ಪಾಯಿತು ಎನ್ನುವುದಕ್ಕೇ ಬಂದಿದ್ದರಂತೆ. ಹಳೆಯ ಹ್ಯಾಂಡಲ್ ಕೂತಿರುವುದನ್ನು ನೋಡಿ ಅವನ ಮುಖ ಚಿಕ್ಕದಾಯಿತಂತೆ. ಪೆಟ್ಟಿಗೆಗಳು ಇಳಿಜಾರಿನ ಕೆಳಗಿರುವ ಗ್ಯಾರೇಜಿನಲ್ಲಿವೆ, ಭಾವ ಬರುವುದರೊಳಗೆ ಹಾಕಿಸಿಕೊಂಡು ಬರುತ್ತೇವೆ, ಆಗಲಾದರೂ ಸಿಟ್ಟು ಇಳಿದೀತು ಎಂದು ಹೊರಟರಂತೆ. "ನಾನೇ ಕೇಳ್ದೆ, ಪೂರ್ತಿ ಆಗಿದೆಯೋ ಇಲ್ವೋ ಅಂತ. ಕೆಂಪು ಇದೆ ಅಕ್ಕ, ಭಾವ ಬಿಗಿ ಮಾಡಿದಾರೆ ಅಂದ."

ಆ ಕೆಂಪು ಹಳೆಯದು. ಎರಡು ವರ್ಷದ ಹಿಂದೆ ಬಳಿದದ್ದು, ಬೋಲ್ಟಿನ ತಲೆಯ ಮೇಲೆ ಅರ್ಧ, ಹಿಡಿಕೆಯ ಮೇಲೆ ಅರ್ಧ. ಗೆರೆ ಕೂಡಿದೆಯೇ ಎಂದು ನೋಡುವುದು ಷಡ್ಡಕನಿಗೆ ಗೊತ್ತಿಲ್ಲ; ಕೆಂಪು ಕಂಡರೆ ಭಾವನ ಕೈ ಮುಟ್ಟಿದೆ ಎಂದಷ್ಟೇ ಗೊತ್ತು. ಹಗುರಾಗಿ ಕೂರಿಸಿದ ಹ್ಯಾಂಡಲ್ ಸಮತಟ್ಟಿನಲ್ಲಿ ಸುಮ್ಮನಿರುತ್ತದೆ. ಇಳಿಜಾರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬ್ರೇಕು ಹಿಡಿದರೆ ಇಬ್ಬರ ಭಾರವೂ ಅದರ ಮೇಲೆ ಬೀಳುತ್ತದೆ.

"ಅವಳೂ ಹೋದ್ಲಾ?"

"ಪೆಟ್ಟಿಗೆ ಹಿಡ್ಕೊಳ್ಳೋಕೆ ಅಂತ ಹಿಂದೆ ಕೂತ್ಲು. ಯಾಕ್ರೀ?"

ಫೋನು ಮಾಡಿದ. ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಭಾವ ಓಡಿದ.

ಅವನು ಆ ಮನೆಯ ಅಳಿಯನಾಗಿ ಬಂದಾಗ ನಾದಿನಿ ಇನ್ನೂ ಲಂಗದ ಹುಡುಗಿ. ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡು, ತಿಂಗಳುಗಟ್ಟಲೆ ಬಾಯಿಗೆ ಕೈ ಅಡ್ಡವಿಟ್ಟುಕೊಂಡೇ ಮಾತಾಡುತ್ತಿದ್ದಳು. ದೊಡ್ಡವಳಾದ ಮೇಲೆ ಡಾಕ್ಟರು ಕೂರಿಸಿದ ಹಲ್ಲನ್ನು ಮಾಡಿದ್ದು ಭಾವ. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಲಿಲ್ಲವೆಂದು ಮೂರು ಸಲ ಒಡೆದು ಮಾಡಿದ್ದ. ಕೂರಿಸಿದ ದಿನ ಅವಳು ಇಡೀ ಬೀದಿಗೆ ನಗು ಹಂಚಿದ್ದಳು. ಮಕ್ಕಳಿಲ್ಲದ ಅವನ ಮನೆಯಲ್ಲಿ ಇಂದಿಗೂ ಭಾವ ಎಂದು ಕೂಗಿಕೊಂಡೇ ಒಳಗೆ ಬರುವವಳು ಅವಳೊಬ್ಬಳೇ. ಓಡುತ್ತಾ ಅವನು ಷಡ್ಡಕನನ್ನು ಬೈದ, ಕ್ರೂಸರನ್ನು ಬೈದ, ಕೀಲಿ ಕೊಟ್ಟ ಹೆಂಡತಿಯನ್ನು ಬೈದ. ಒಂದು ಚಪ್ಪಲಿ ಕಿತ್ತುಹೋಯಿತು. ಅದನ್ನೂ ಬೈದು ಅಲ್ಲೇ ಬಿಟ್ಟ. ಬೈಯುವುದಕ್ಕೆ ಇನ್ನು ಯಾರೂ ಉಳಿಯದಾಗ ಇಳಿಜಾರಿನ ತಲೆಗೆ ಬಂದಿದ್ದ.

ಕೆಳಗೆ ತಿರುವಿನಲ್ಲಿ, ಯಾರೋ ಮನೆ ಕಟ್ಟಲು ಸುರಿಸಿದ ಮರಳಿನ ಗುಡ್ಡೆಗೆ ಮೂತಿ ಹೂತು ಬೈಕು ನಿಂತಿತ್ತು. ಹ್ಯಾಂಡಲ್ ಮುಂದಕ್ಕೆ ಮುಗ್ಗರಿಸಿತ್ತು. ಷಡ್ಡಕ ಮೋರಿಯ ಕಟ್ಟೆಯ ಮೇಲೆ ಕೂತು ಅಂಗೈಯ ತರಚಿನಿಂದ ಮರಳು ಬಿಡಿಸಿಕೊಳ್ಳುತ್ತಿದ್ದ. ನಾದಿನಿ ಆಚೆ ನಿಂತಿದ್ದಳು, ಎರಡು ಕಾಲಿನ ಮೇಲೆ. ಅದು ಕಂಡರೂ ಭಾವನ ಬಾಯಿಂದ ಹೊರಟದ್ದು ಸಿಟ್ಟೇ.

"ಯಾರು ತಗೊಂಡು ಹೋಗು ಅಂದಿದ್ದು ನಿನಗೆ?"

ಷಡ್ಡಕ ಎದ್ದು ನಿಂತ. ಅವನ ಮುಖದಲ್ಲಿ ಎಂದಿನ ನಗು ಇರಲಿಲ್ಲ. "ತಪ್ಪು ನಂದೇ ಭಾವ. ಬ್ರೇಕು ಹಿಡಿದೆ, ಹ್ಯಾಂಡಲ್ ಕೈಯಲ್ಲೇ ಮುಂದಕ್ಕೆ ಉರುಳ್ತು. ಆ ಗ್ಯಾರೇಜಿನವನು ಬಿಚ್ಚೋವಾಗ ಏನೋ ಹಾಳು ಮಾಡಿರ್ಬೇಕು. ನೀವು ಸರಿ ಮಾಡಿದ್ದೂ ನಿಲ್ಲಲಿಲ್ಲ. ಇನ್ನು ಕ್ರೂಸರ್ ಮಾತೆತ್ತಲ್ಲ. ನೀವು ಹೇಳಿದ ಹಾಗೇ ಇರಲಿ."

ಒಂದು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಭಾವ ಹೂಂ ಎನ್ನಬೇಕಾಗಿತ್ತು, ಅಷ್ಟೇ. ಅವನು ಷಡ್ಡಕನೊಂದಿಗೆ ಬೈಕನ್ನು ಹಿಂದಕ್ಕೆ ಎಳೆದು ಸ್ಟ್ಯಾಂಡು ಹಾಕಿದ, ಹ್ಯಾಂಡಲನ್ನು ಎತ್ತಿ ಸರಿಯಾದ ಓರೆಗೆ ತಂದ. ಬಲಗೈ ಬಿಚ್ಚಿದಾಗ ಅಲೆನ್ ಕೀ ಅಲ್ಲೇ ಇತ್ತು. ಅದರ ಗುರುತು ಅಂಗೈಯಲ್ಲಿ ಮೂಡಿತ್ತು. ಮೊದಲ ಬೋಲ್ಟಿಗೆ ಹಾಕಿ ತಿರುಗಿಸಿದ. ಅದು ತಿರುಗಿತು. ಮತ್ತೂ ತಿರುಗಿತು. ಎರಡನೆಯದೂ ಹಾಗೇ. ನಾದಿನಿ ಹತ್ತಿರ ಬಂದು, ಬೋಲ್ಟನ್ನು ನೋಡಿದಳು, ಅವನ ಕೈಯಲ್ಲಿದ್ದ ಕೀಯನ್ನು ನೋಡಿದಳು.

"ಭಾವ, ಇದು ಬಿಗಿಯಾಗೇ ಇರ್ಲಿಲ್ವಾ?"

ಗೆರೆ ಕೂಡಿದೆಯೋ ಇಲ್ಲವೋ ನಿನ್ನ ಗಂಡ ನೋಡಬೇಕಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಭಾವ ಅದನ್ನು ನುಂಗಿಕೊಂಡ.

"ಇರ್ಲಿಲ್ಲ. ಸಿಟ್ಟಲ್ಲಿ ಅರ್ಧಕ್ಕೇ ಬಿಟ್ಟು ಬಂದೆ."

ಷಡ್ಡಕ ಎರಡು ಹೆಲ್ಮೆಟ್ಟುಗಳನ್ನೂ ಎತ್ತಿಕೊಂಡ. ಅವನ ಹೆಲ್ಮೆಟ್ಟಿನ ಹಿಂಬದಿಯಲ್ಲಿ, ಹಿಂದೆ ಕೂತವರ ಮುಖ ತಾಗುವಲ್ಲಿ, ಸ್ವಲ್ಪ ರಕ್ತ ಒರೆಸಿದ ಕಲೆಯಿತ್ತು. ಆಗಲೇ ಭಾವನಿಗೆ ಹೊಳೆದದ್ದು, ನಾದಿನಿ ಬಾಯಿಗೆ ಕೈ ಅಡ್ಡವಿಟ್ಟುಕೊಂಡೇ ಮಾತಾಡಿದಳೆಂದು.

"ಎಲ್ಲಿ, ನೋಡೋಣ" ಎಂದ.

ಅವಳು ಇನ್ನೊಂದು ಕೈಯ ಮುಷ್ಟಿ ಬಿಚ್ಚಿದಳು. ಮೂರು ಸಲ ಒಡೆದು ಮಾಡಿದ ಹಲ್ಲು ಮರಳು ಮೆತ್ತಿಕೊಂಡು ಅಂಗೈಯಲ್ಲಿ ಕೂತಿತ್ತು. ಭಾವ ಕೈ ಚಾಚಿದ. "ಕೊಡಮ್ಮ. ನಾಳೇನೇ ಬೇರೆ ಮಾಡ್ತೀನಿ."

ಅವಳು ಅವನ ಕೈಯನ್ನು ಒಂದು ಗಳಿಗೆ ನೋಡಿದಳು. ಮುಷ್ಟಿ ಮುಚ್ಚಿಕೊಂಡು ಗಂಡನ ಜೊತೆ ಏರು ಹತ್ತತೊಡಗಿದಳು.

ಭಾವ ಉಳಿದ ಎರಡು ಬೋಲ್ಟುಗಳನ್ನು ಬಿಗಿದ. ಹಳೆಯ ಕೆಂಪನ್ನು ಉಗುರಿನಿಂದ ಕೆರೆದು ತೆಗೆದ. ಅವರಿಬ್ಬರೂ ಏರು ದಾಟಿ ಮರೆಯಾದ ಮೇಲೂ ಅವನು ಬೈಕು ಹತ್ತಲಿಲ್ಲ. ಹಿಂದಿನ ಸೀಟಿನ ಕೆಳಗೆ, ಅವಳು ಕಾಲಿಟ್ಟುಕೊಂಡಿದ್ದ ಎರಡು ಕಡ್ಡಿಗಳು ಇನ್ನೂ ಬಿಚ್ಚಿಕೊಂಡೇ ಇದ್ದವು. ಅವನ್ನು ಮಡಚಲು ಬಗ್ಗಿದವನು, ಮಡಚದೆ ಅಲ್ಲೇ ಮರಳಿನ ಮೇಲೆ ಕೂತ.