ಜೇಬಿನೊಳಗಿನ ಕೈ

ನನ್ನ ಸೋದರತ್ತೆಯ ಎಡಗೈಯನ್ನು ಕಂಡವರೇ ಅಪರೂಪ. ಮಾಸಿದ ನೀಲಿ ಕೋಟಿನ ಜೇಬೇ ಅದರ ಖಾಯಂ ವಾಸಸ್ಥಾನ. ನೆಂಟರು ಬಂದರೆ ಒಂದೇ ಕೈಯಲ್ಲಿ ಚಹಾ ನೀಡುವಳು. ಬೀದಿಗಿಳಿದರೆ ಬಲಭುಜ ಮುಂದೆ ಮಾಡಿಕೊಂಡು, ಯಾರ ಮೇಲೋ ಜಗಳಕ್ಕೆ ಹೊರಟವಳಂತೆ ದಡದಡ ನಡೆಯುವಳು. ನೋಡಿದವರು ಸೊಕ್ಕು ಎಂದರು, ಅವಳ ಕೆಲಸದ ಷೆಡ್ಡಿನ ಅಕ್ಕಪಕ್ಕದವರು 'ಜೇಬಮ್ಮ' ಎಂದು ಹೆಸರಿಟ್ಟರು. ಅವಳು ಕ್ಯಾರೇ ಅನ್ನಲಿಲ್ಲ.

ಅತ್ತೆ, ಮಾವ ಇಬ್ಬರದೂ ಒಂದೇ ಕಸುಬು: ಹಳೆಯ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕಿತ್ತು ಮೋಟಾರು, ಬ್ಯಾಟರಿ ಕೂರಿಸುವುದು. ಹೆಬ್ಬೆರಳು ಗಾತ್ರದ ಕೇಬಲ್ಲಿನ ಸಿಪ್ಪೆ ಸುಲಿದು, ತುದಿಗೆ ಟೊಪ್ಪಿಗೆಯಂಥ ತಾಮ್ರದ ಲಗ್ಗು ತೊಡಿಸಿ, ಒತ್ತಿ, ಕಿತ್ತು ಬರುತ್ತದೋ ಎಂದು ಜಗ್ಗಿ ಜಗ್ಗಿ ನೋಡುವ ಅತ್ತೆಯ ತನ್ಮಯತೆ ನೋಡಬೇಕು. ಮೇಜಿನ ಬಳಿ ಮಾತ್ರ ಎರಡೂ ಕೈ. ಬ್ಯಾಟರಿಯ ಬಳಿ ಹೋದೊಡನೆ ಎಡಗೈ ಜೇಬಿಗೆ. ಎರಡು ಕೈ ಎರಡು ಕಡೆ ತಗುಲಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದಂತೆ. ಆ ರೂಢಿಯೇ ಮನೆಗೂ ಬೀದಿಗೂ ಅಂಟಿಕೊಂಡಿತ್ತು. ಇನ್ನೊಂದು ಹಠ: ಬ್ಯಾಟರಿಗಳ ಸಾಲಿನ ನಡುವಿನ ಒಂದು ಕೊಂಡಿ ಬಿಟ್ಟು ಉಳಿದೆಲ್ಲವನ್ನೂ ಜೋಡಿಸುವುದು. ಅದು ಬಿಟ್ಟಿರುವ ತನಕ ಸಾಲಿಗೆ ಜೀವವಿಲ್ಲ, ಕರೆಂಟು ಹರಿಯದು. ಕಟ್ಟಕಡೆಗೆ ಆ ಕೊಂಡಿಯನ್ನು ಅವಳೇ ಬಿಗಿಯಬೇಕು.

"ಯಾಕೆ, ನನ್ನ ಕೈಯೇನು ಕೊಳೆತು ಹೋಗಿದ್ಯಾ?" ಎಂದು ಮಾವ ಕೆಣಕಿದರೆ, "ಸುಮ್ನಿರ್ರೀ, ನಿಮ್ಮದು ಅವಸರದ ಕೈ" ಎಂದು ಬಾಯಿ ಮುಚ್ಚಿಸುವಳು.

ಆ ಮಧ್ಯಾಹ್ನ ನಾನು ಅಲ್ಲಿದ್ದೆ. ಅತ್ತೆಗೆ ಮೈ ಸುಡುವ ಜ್ವರ. ಮಲಗು ಎಂದರೆ ಕೇಳಬೇಕಲ್ಲ! ಮಾತ್ರೆ ನುಂಗಲು ಒಳಗೆ ಹೋಗಿ ಬಂದವಳೇ ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಸಾಲಿನ ತುದಿಯನ್ನು ಬಿಗಿಯತೊಡಗಿದಳು. ಸಾಲು ಬಳಸಿ ಬಂದು ಅದರ ಎರಡು ತುದಿಗಳೂ ಅಕ್ಕಪಕ್ಕದಲ್ಲೇ ಇದ್ದವು. ಜ್ವರದ ಕೈ ಜಾರಿತು, ಸ್ಪ್ಯಾನರ್ ಎರಡಕ್ಕೂ ಅಡ್ಡ ಬಿತ್ತು. ಅಬ್ಬಾ, ಏನು ಸದ್ದು, ಏನು ಬೆಳಕು! ಕಣ್ಣು ಬಿಟ್ಟರೆ ಅತ್ತೆ ನೆಲದ ಮೇಲೆ, ಬಲಗೈ ಕರಕಲು. ತುದಿಗಳಿಗಂಟಿದ ಸ್ಪ್ಯಾನರ್ ಕೆಂಪಗೆ ಕಾಯುತ್ತಿದೆ. ಅದನ್ನು ಕಿತ್ತೆಸೆಯಲು ಮಾವ ಎರಡೂ ಕೈ ಚಾಚಿ ಓಡುತ್ತಿದ್ದಾರೆ. ಅತ್ತೆ ಅಯ್ಯೋ ಎನ್ನಲಿಲ್ಲ, ಅಮ್ಮಾ ಎನ್ನಲಿಲ್ಲ.

"ರೀ, ಕೈ ಜೇಬಿಗೆ ಹಾಕ್ರೀ!" ಎಂದು ಕಿರುಚಿದಳು.

ಮಾವ ಗರಬಡಿದವರಂತೆ ನಿಂತರು. ಸ್ಪ್ಯಾನರ್ ತಾನಾಗಿಯೇ ಕರಗಿ ತುಂಡಾಗಿ ಬಿತ್ತು.

"ನಡುವಿನ ಕೊಂಡಿ ಬಿಟ್ಟಿದ್ದೆನಲ್ಲ, ಯಾರು ಹಾಕಿದ್ದು?" ಅತ್ತೆ ಕೇಳಿದಳು.

"ನಾನೇ ಕಣೇ, ನೀನು ಮಾತ್ರೆಗೆ ಒಳಗೆ ಹೋದಾಗ." ಮಾವ ಅವಳ ಪಕ್ಕದಲ್ಲಿ ಕುಕ್ಕರಿಸಿದರು. "ಅದೊಂದು ಮುಗಿಸಿಬಿಟ್ರೆ ನೀನು ಹೋಗಿ ಮಲಗ್ತೀಯ ಅಂತ..."

"ಹೇಳೋದಲ್ವಾ?"

"ಹೇಳಿದ್ರೆ ಬಿಡ್ತಿದ್ಯಾ? ಅದೇನು ಹಾಳು ಹಠ ನಿಂದು?"

"ಆಗೋದಿದ್ರೆ ನನಗೇ ಆಗ್ಲಿ ಅಂತ ಕಣ್ರೀ."

ಇಷ್ಟು ವರ್ಷ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಮಹಾತಾಯಿ! ಅವಳ ಎಡಗೈ ಅದ್ಯಾವಾಗಲೋ ಜೇಬಿನಿಂದ ಹೊರಬಂದು ಮಾವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು.

ಬಲಗೈಯ ಬೆರಳುಗಳು ಮತ್ತೆ ಮಡಚಿಕೊಳ್ಳಲೇ ಇಲ್ಲ. ಈಗ ಜೇಬಿನಲ್ಲಿರುವುದು ಆ ಕೈ. ಕೊನೆಯ ಕೊಂಡಿ ಎಡಗೈಯ ಪಾಲಿಗೆ ಬಂದಿದೆ. ಮೊನ್ನೆ ಹೋದಾಗ "ಹಾಕ್ಲೇನ್ರೀ?" ಎಂದು ಅವಳು ಕೂಗಿದ್ದು, "ಹಾಕು, ಇಲ್ಲೇ ಇದೀನಿ" ಎಂದು ಮಾವ ಓಗೊಟ್ಟಿದ್ದು ಕೇಳಿದೆ. ತಮ್ಮವರಿಗೆ ತಗುಲಬಹುದಾದ ಪೆಟ್ಟನ್ನು ಗುಟ್ಟಾಗಿ ತಮ್ಮ ಪಾಲಿಗೆ ಇಟ್ಟುಕೊಳ್ಳುವ ಜನರಿದ್ದಾರೆ. ನಾವು ಅವರನ್ನು ಹಠಮಾರಿಗಳೆಂದು ಆಡಿಕೊಳ್ಳುತ್ತೇವೆ. ಮನೆಗೆ ಅಂಥವರು ಒಬ್ಬರಿದ್ದರೆ ಪುಣ್ಯ. ಇಬ್ಬರಿದ್ದು, ಒಬ್ಬರಿಗೊಬ್ಬರು ಹೇಳದೆ ಒಬ್ಬರನ್ನೊಬ್ಬರು ಕಾಯತೊಡಗಿದರೆ ಏನಾದೀತೆಂದು ನೆನೆದಾಗಲೆಲ್ಲ, ಈಗಲೂ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.